ಬಯಲುಸೀಮೆಯ ಹೂದೋಟವು ಯಾರಿಗಾಗಿ?

ಹೆಣ್ಣುಮಕ್ಕಳ ಶಾಲೆಗೆ ಒಂದು ಹೂದೋಟವು ಇರಬೇಕೆಂಬ ವಿಷಯದಲ್ಲಿ ನಮ್ಮ ವಾಚಕರೊಳಗೆ ಭಿನ್ನಾಭಿಪ್ರಾಯವಿರಲಾರದು. ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ಬೀಜಗಣಿತದ ಸೂತ್ರಗಳನ್ನು ಎಂದೋ ಮರೆತಿರಬಹುದು; ಆದರೆ ಯಾವ ಮರದ ಕೆಳಗೆ ಕುಳಿತು ಬುತ್ತಿ ಬಿಚ್ಚಿದೆವೆಂಬದನ್ನು ಮರೆತವರು ವಿರಳ. ಹೀಗಿದ್ದರೂ ಆ ತೋಟವು ವರ್ಷದ ಯಾವ ಕಾಲದಲ್ಲಿ ಅರಳಬೇಕು, ಯಾರ ಕಣ್ಣಿಗಾಗಿ ಅರಳಬೇಕು, ಅದಕ್ಕೆಂದು ಎಷ್ಟು ಕೊಡ ನೀರು ಸಲ್ಲಬೇಕು ಎಂಬ ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ, ಗದಗ, ವಿಜಯಪುರ ಈ ಮೊದಲಾದ ಬಿಸಿಲಿನ ಜಿಲ್ಲೆಗಳಲ್ಲಿ ಬಾಳುವವರು ಇವನ್ನು ಕೇಳದೆ ಬಿಡುವದು ಸರಿಯಲ್ಲವೆಂದು ನಮಗೆ ತೋರುವದು.

ಈಗಿನ ರೂಢಿಯನ್ನು ನೋಡೋಣ. ದೀಪಾವಳಿಯು ಮುಗಿಯುತ್ತಲೇ ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಕುಂಡಗಳ ಸಾಲು ಏಳುವದು. ಸೇವಂತಿಗೆ, ಡೇರೆ, ಜಿನಿಯಾ, ಚೆಂಡುಹೂ ಇವುಗಳನ್ನು ಹಾದಿಯ ಎರಡೂ ಬದಿಗೆ ಹೊಂದಿಸಿ, ನಡುವೆ ಹಸಿರು ಹುಲ್ಲಿನ ಹಾಸನ್ನು ಕತ್ತರಿಸಿ ನೀರು ಕುಡಿಸಿ, ಸ್ನೇಹಸಮ್ಮೇಳನದ ದಿವಸಕ್ಕೆ ತೋಟವನ್ನು ಸಿಂಗರಿಸುವರು. ಬಂದ ಅತಿಥಿಗಳು ಕೊಂಡಾಡಿ ಹೋಗುವರು. ಅಲ್ಲಿಂದ ಎರಡು ತಿಂಗಳು ಕಳೆಯುವಷ್ಟರಲ್ಲಿ ಕುಂಡಗಳೆಲ್ಲ ಹಿತ್ತಲಿನ ಗೋಡೆಯ ಬಳಿ ಒಣಗಿ ಬಿದ್ದಿರುವವು. ಮಾರ್ಚ್ ತಿಂಗಳಲ್ಲಿ ಪರೀಕ್ಷೆಗೆ ಬರುವ ಹುಡುಗಿಯರು ಗೋಡೆಯು ಚೆಲ್ಲುವ ಗೇಣುದ್ದದ ನೆರಳಿಗೆ ಒತ್ತರಿಸಿಕೊಂಡು ನಿಂತು ಕೊನೆಯ ಸಲ ಪುಸ್ತಕವನ್ನು ತಿರುವಿಹಾಕುವರು. ವರ್ಷದಲ್ಲಿ ಒಂದು ಸಂಜೆ ಬರುವವರಿಗೆ ಹೂವು, ವರ್ಷವಿಡೀ ಇರುವವರಿಗೆ ಬಿಸಿಲು! ಇದನ್ನು ತೋಟವೆಂದು ಕರೆಯುವದಕ್ಕಿಂತ ಮಂಟಪಕ್ಕೆ ಕಟ್ಟಿದ ತೋರಣವೆಂದು ಕರೆಯುವದು ಲೇಸು.

ನಮ್ಮ ಸೀಮೆಯ ತೋಟವನ್ನು ಬೇಸಗೆಗಾಗಿ ಕಟ್ಟಬೇಕು, ಚಳಿಗಾಲದ ಹೂವು ಅದರ ಮೇಲಿನ ಒಗ್ಗರಣೆಯಾಗಿರಬೇಕು ಎಂಬದೇ ನಮ್ಮ ಅಭಿಪ್ರಾಯ. ಈ ಮಾತು ಕೆಲವರಿಗೆ ವಿಪರೀತವಾಗಿ ಕೇಳಬಹುದು. ಬೇಸಗೆಯಲ್ಲಿ ಎರೆಯ ನೆಲವು ಕೈ ಹಿಡಿಸುವಷ್ಟು ಬಿರುಕುಬಿಟ್ಟು ನಿಂತಿರುವಾಗ ಹೂವೆಲ್ಲಿಂದ ಬರಬೇಕೆಂದು ಅವರು ಕೇಳಬಹುದು. ಅಂಥವರು ಚೈತ್ರ ವೈಶಾಖಗಳಲ್ಲಿ ಊರ ಹೊರಗೆ ಹೋಗಿ ಒಮ್ಮೆ ಸುತ್ತಲೂ ನೋಡಲಿ. ಯಾರೂ ಒಂದು ತಂಬಿಗೆ ನೀರೆರೆಯದ ಮುತ್ತುಗವು ಎಲೆಯುದುರಿಸಿ ಮೈತುಂಬ ಕೆಂಡದಂಥ ಹೂವನ್ನು ಹೊತ್ತಿರುವದು. ಅದು ಮುಗಿಯುವಷ್ಟರಲ್ಲಿ ಬೇವು ಚಿಗುರಿ ಸಣ್ಣ ಬಿಳಿಯ ಹೂವನ್ನು ಬಿಟ್ಟು ಓಣಿಯನ್ನೆಲ್ಲ ಕಂಪುಗೊಳಿಸುವದು. ಹೊಂಗೆಯು ಹೊಸ ಎಲೆಯ ಎಳೆಹಸಿರಿನಿಂದ ಹೊಳೆಯುತ್ತ ತನ್ನ ಬುಡದಲ್ಲಿ ನಸುಗೆಂಪು ಹೂವಿನ ಹಾಸನ್ನು ಹಾಸುವದು. ಕಕ್ಕೆಯು ಹೊನ್ನಿನ ಜಲ್ಲಿಗಳನ್ನು ಇಳಿಬಿಡುವದು. ಮನೆಯ ಹಿತ್ತಲಿನಲ್ಲಿ ಮಲ್ಲಿಗೆಯು ಬುಟ್ಟಿ ತುಂಬುವ ಕಾಲವೂ ಅದೇ. ನಮ್ಮ ನೆಲವು ತನ್ನ ಶ್ರೇಷ್ಠವಾದ ಹೂವುಗಳನ್ನು ಬಿಸಿಲಿಗೆಂದೇ ಕಾಯ್ದಿರಿಸಿರುವಾಗ, ನಾವು ಮಾತ್ರ ಫೆಬ್ರವರಿಯಲ್ಲಿ ತೋಟದ ಬಾಗಿಲು ಮುಚ್ಚುವೆವು.

ಈ ವಿಪರ್ಯಾಸವು ಎಲ್ಲಿಂದ ಬಂದಿತೆಂದು ವಿಚಾರಿಸಿದರೆ ಅದರ ಬೇರು ಹುಲ್ಲುಹಾಸಿನಲ್ಲಿ ಸಿಕ್ಕುವದು. ಹುಲ್ಲುಹಾಸು ಇಂಗ್ಲೆಂಡ್ ದೇಶದ ಹವೆಯ ಕೂಸು. ಅಲ್ಲಿ ವರ್ಷದ ಹನ್ನೆರಡು ತಿಂಗಳೂ ಅಷ್ಟಿಷ್ಟು ಮಳೆ ಬೀಳುವದು, ಬಿಸಿಲು ಮೃದುವಾಗಿರುವದು. ಹುಲ್ಲು ತಾನಾಗಿಯೇ ಬೆಳೆಯುವದು, ಅದನ್ನು ಕತ್ತರಿಸುವದೇ ಅಲ್ಲಿಯವರ ಚಿಂತೆ. ಆ ಚಿಂತೆಯನ್ನು ಹಗುರಮಾಡಲು ೧೮೩೦ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತನು ಹುಲ್ಲು ಕತ್ತರಿಸುವ ಯಂತ್ರವನ್ನು ನಿರ್ಮಿಸಿದನು. ಅಲ್ಲಿಂದಾಚೆಗೆ ಸಾಮಾನ್ಯರ ಮನೆಯ ಮುಂದೆಯೂ ಹುಲ್ಲುಹಾಸು ಹರಡಿತು. ನಮ್ಮಲ್ಲಿಯಾದರೋ ವರ್ಷಕ್ಕೆ ಬೀಳುವ ಮಳೆಯೇ ಸುಮಾರು ೫೦೦ರಿಂದ ೭೦೦ ಮಿಲಿಮೀಟರು. ಅದರ ಬಹುಪಾಲು ಜೂನದಿಂದ ಅಕ್ಟೋಬರದೊಳಗೆ ಸುರಿದು ಮುಗಿಯುವದು. ಮುಂದಿನ ಆರೇಳು ತಿಂಗಳು ಆಕಾಶವು ಬಹುಮಟ್ಟಿಗೆ ಬರಿದು. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣಮಾನವು ೪೦ ಡಿಗ್ರಿಯನ್ನು ಮುಟ್ಟುವದು, ದಾಟುವದೂ ಉಂಟು. ಅವರ ಕೂಸನ್ನು ತಂದು ನಮ್ಮ ಬಿಸಿಲಿನಲ್ಲಿ ಮಲಗಿಸಿದರೆ ಅದು ಹಗಲಿರುಳು ನೀರಿಗಾಗಿ ಅಳದೆ ಏನು ಮಾಡೀತು?

ಅದರ ದಾಹವೆಷ್ಟೆಂಬ ಲೆಕ್ಕವನ್ನು ನಮ್ಮ ಪಾಲಕರ ಮುಂದಿಡುವೆವು. ಬಿರುಬೇಸಗೆಯ ಒಂದು ದಿನದಲ್ಲಿ ಹುಲ್ಲು ಮತ್ತು ಅದರ ಕೆಳಗಿನ ಮಣ್ಣು ಸುಮಾರು ೬ ಮಿಲಿಮೀಟರಿನಷ್ಟು ನೀರನ್ನು ಗಾಳಿಗೆ ಒಪ್ಪಿಸಿಬಿಡುವವು. ಒಂದು ಚದರ ಮೀಟರಿನ ಮೇಲೆ ೧ ಮಿಲಿಮೀಟರು ನೀರೆಂದರೆ ೧ ಲೀಟರು. ಆದಕಾರಣ ಉದ್ದಗಲ ಹತ್ತು ಹತ್ತು ಮೀಟರಿನ ಚಿಕ್ಕ ಹುಲ್ಲುಹಾಸಿಗೂ ದಿನಕ್ಕೆ ೬೦೦ ಲೀಟರು, ಅಂದರೆ ೧೫ ಲೀಟರಿನ ೪೦ ಕೊಡ ನೀರು ಬೇಕು. ಹಳ್ಳಿಗಳ ಮನೆಮನೆಗೆ ನಲ್ಲಿಯನ್ನು ಮುಟ್ಟಿಸಲು ೨೦೧೯ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಒಬ್ಬರಿಗೆ ದಿನಕ್ಕೆ ೫೫ ಲೀಟರು ನೀರನ್ನು ಗೊತ್ತುಮಾಡಿತು. ಆ ಅಳತೆಯಿಂದ ನೋಡಿದರೆ ನಮ್ಮ ಚಿಕ್ಕ ಹುಲ್ಲುಹಾಸು ಸುಮಾರು ಹನ್ನೊಂದು ಜನರ ಪಾಲನ್ನು ಕುಡಿಯುವದು. ತಿಂಗಳಿಗೆ ಲೆಕ್ಕಹಾಕಿದರೆ ೧೮,೦೦೦ ಲೀಟರು. ಈಗ ಇದೇ ೧೮,೦೦೦ ಲೀಟರನ್ನು ಇನ್ನೊಂದು ಬಗೆಯಾಗಿ ಹಂಚೋಣ: ೪೦ ಎಳೆಯ ಗಿಡಗಳಿಗೆ ವಾರಕ್ಕೆ ಒಂದೊಂದು ಕೊಡದಂತೆ ಎರೆದರೆ ಆ ನೀರು ೩೦ ವಾರಗಳವರೆಗೆ, ಅಂದರೆ ಹಸ್ತದ ಮಳೆ ನಿಂತಂದಿನಿಂದ ಮುಂದಿನ ರೋಹಿಣಿಯ ಸಮೀಪದವರೆಗೂ ಸಾಲುವದು. ಒಂದು ತಿಂಗಳ ಹುಲ್ಲಿನ ಹಸಿರಿಗೂ ನಾಲ್ವತ್ತು ಮರಗಳಿಗೂ ನೀರಿನ ಬೆಲೆಯು ಒಂದೇ. ಯಾವದು ಬೇಕೆಂದು ಪಾಲಕರೇ ಹೇಳಲಿ.

ನೀರಿನ ಮಾತು ನಮ್ಮ ನಾಡಿನಲ್ಲಿ ಹೆಣ್ಣುಮಕ್ಕಳ ಮಾತೂ ಆಗಿರುವದು. ಯಾತಕ್ಕೆಂದರೆ ಮನೆಗೆ ನೀರು ತುಂಬುವ ಕೆಲಸವು ಇಂದಿಗೂ ಬಹುತರವಾಗಿ ತಾಯಿಯ ಹಾಗೂ ಮಗಳ ಪಾಲಿಗೆ ಬಿದ್ದಿದೆ. ಬಯಲುಸೀಮೆಯ ಅನೇಕ ಪಟ್ಟಣಗಳಲ್ಲಿ ನಲ್ಲಿಗೆ ನೀರು ಬರುವದು ಕೆಲವು ದಿನಗಳಿಗೊಮ್ಮೆ; ಆ ದಿವಸ ಹುಡುಗಿಯು ಶಾಲೆಗೆ ತಡವಾಗಿ ಬಂದರೆ ಕಾರಣವನ್ನು ಕೇಳಬೇಕಾಗಿಲ್ಲ. ಬೆಳಿಗ್ಗೆ ಮನೆಯಲ್ಲಿ ಎಂಟು ಕೊಡ ಹೊತ್ತು ಬಂದ ಹುಡುಗಿಯ ಕೈಗೆ ಶಾಲೆಯಲ್ಲಿಯೂ ಕೊಡವನ್ನು ಕೊಟ್ಟು, ಸಮ್ಮೇಳನಕ್ಕೆ ಬರುವವರು ನೋಡಲೆಂದು ಹುಲ್ಲಿಗೆ ನೀರುಣಿಸೆಂದು ಹೇಳುವದು ಒಂದೆರಡು ಕಡೆ ನಮ್ಮ ಕಣ್ಣಿಗೆ ಬಿದ್ದಿದೆ. ತೋಟದ ಕೆಲಸವನ್ನು ಮಕ್ಕಳು ಮಾಡಬಾರದೆಂದು ನಾವು ಹೇಳುವವರಲ್ಲ. ಮಣ್ಣು ಮುಟ್ಟದೆ ಬೆಳೆದ ಮಗುವಿನ ವಿದ್ಯೆಯಲ್ಲಿ ಏನೋ ಒಂದು ಕೊರತೆ ಉಳಿಯುವದೆಂದೇ ನಮ್ಮ ನಂಬಿಗೆ. ಆದರೆ ಆಕೆ ಹೊತ್ತ ನೀರು ಆಕೆಗೆ ನೆರಳಾಗಿಯೋ ಮುಡಿಯುವ ಹೂವಾಗಿಯೋ ಹಿಂದಿರುಗಬೇಕು.

ಬೆಂಗಳೂರಿನ ಲಾಲಬಾಗನ್ನು ತೋರಿಸಿ, ಅಲ್ಲಿ ಸಾಧ್ಯವಾದದ್ದು ಇಲ್ಲೇಕೆ ಆಗದೆಂದು ವಾದಿಸುವವರು ಇದ್ದಾರೆ. ಬೆಂಗಳೂರು ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಎತ್ತರದಲ್ಲಿದೆ. ಅದರ ಮಳೆಯೂ ನಮ್ಮದಕ್ಕಿಂತ ಹೆಚ್ಚು, ಬಿಸಿಲೂ ನಮ್ಮದಕ್ಕಿಂತ ಸೌಮ್ಯ. ಅಲ್ಲಿಯ ಗಿಡಗಳ ಪಟ್ಟಿಯನ್ನು ರಾಯಚೂರಿಗೆ ತಂದರೆ ಪ್ರಯೋಜನವಿಲ್ಲ. ಅಲ್ಲಿಂದ ತರತಕ್ಕ ಪದಾರ್ಥವು ಬೇರೊಂದಿದೆ. ಜರ್ಮನಿಯಲ್ಲಿ ಹುಟ್ಟಿ, ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ೧೯೩೨ರ ವರೆಗೆ ಲಾಲಬಾಗಿನ ಹೊಣೆಯನ್ನು ಹೊತ್ತಿದ್ದ ಕ್ರುಂಬಿಗಲ್ ಸಾಹೇಬರು ಬೆಂಗಳೂರಿನ ಬೀದಿಗಳಲ್ಲಿ ಮರಗಳನ್ನು ನೆಡಿಸುವಾಗ ಒಂದು ಜಾತಿಯ ಹೂವು ಮುಗಿಯುತ್ತಲೇ ಇನ್ನೊಂದು ಅರಳುವಂತೆ ಸರದಿಯನ್ನು ಯೋಜಿಸಿದರು. ಈ ಸರದಿಯೆಂಬ ವಿಚಾರವೇ ನಮಗೆ ಬೇಕಾದದ್ದು. ಮುತ್ತುಗದಿಂದ ಬೇವಿಗೆ, ಬೇವಿನಿಂದ ಹೊಂಗೆಗೆ, ಅಲ್ಲಿಂದ ಕಕ್ಕೆಗೆ, ಮಳೆಗಾಲದ ಹಿಂದೆ ಪಾರಿಜಾತಕ್ಕೆ, ಅಕ್ಟೋಬರದಿಂದ ಆಕಾಶಮಲ್ಲಿಗೆಗೆ. ಇದು ಬೆಂಗಳೂರಿನ ಸರದಿಯಲ್ಲ, ನಮ್ಮದು.

ನಮ್ಮ ಸೀಮೆಗೆ ಹೂವಿನ ಸಂಸ್ಕಾರವೇ ಇಲ್ಲವೆಂದು ಯಾರಾದರೂ ಭಾವಿಸಿದ್ದರೆ ಅವರಿಗೆ ಒಂದು ಮಾತು ಹೇಳಬೇಕಾಗಿದೆ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ಅಲ್ಲಿ ಎಲ್ಲೆಲ್ಲಿಯೂ ಗುಲಾಬಿಯನ್ನು ಮಾರುವರೆಂದೂ, ಹೂವನ್ನು ಅಲ್ಲಿಯ ಜನರು ಅನ್ನದಷ್ಟೇ ಅವಶ್ಯವೆಂದು ಎಣಿಸುವರೆಂದೂ ಬರೆದಿಟ್ಟಿದ್ದಾನೆ. ಹಂಪೆಯ ಆ ಬಂಡೆಗಳ ಕಾವಿನ ನಡುವೆ! ಅವರಿಗೆ ತುಂಗಭದ್ರೆಯೂ ಕಾಲುವೆಗಳೂ ಇದ್ದವು ನಿಜ. ಆದರೂ ಹೂವು ಅಲ್ಲಿ ಮುಡಿಗೂ ಪೂಜೆಗೂ ಮನೆಗೂ ಸಂದ ಹೂವಾಗಿತ್ತು. ಅದೇ ಬಿಸಿಲಿನ ಹೂವಿನ ಹಡಗಲಿಯು ಹೆಸರಿನಲ್ಲಿಯೇ ಹೂವನ್ನಿಟ್ಟುಕೊಂಡು ಇಂದಿಗೂ ಮಲ್ಲಿಗೆಯಿಂದ ಪ್ರಸಿದ್ಧವಾಗಿದೆ.

ಇನ್ನು ಋತುಗಳ ವಿಚಾರ. ನಮ್ಮ ತೋಟದ ಹೊಸ ವರ್ಷವು ಮೇ ತಿಂಗಳ ೨೫ರ ಸುಮಾರಿಗೆ ರೋಹಿಣಿಯಿಂದ ಆರಂಭವಾಗುವದು. ಒಳ್ಳೇ ಯೋಗದಿಂದ ಶಾಲೆಗಳ ವರ್ಷವೂ ಆಗಲೇ ಆರಂಭವಾಗುವದು. ಮೊದಲ ಮಳೆ ಬಿದ್ದ ಕೆಲವೇ ದಿವಸಗಳಲ್ಲಿ, ಸತ್ತೇಹೋಗಿವೆಯೆಂದು ತಿಳಿದ ಗಡ್ಡೆಗಳಿಂದ ಮಳೆಲಿಲಿಯ ನಸುಗೆಂಪು ಬಟ್ಟಲುಗಳು ಮೇಲೇಳುವವು. ಹೊಸದಾಗಿ ಶಾಲೆಗೆ ಸೇರಿದ ಚಿಕ್ಕ ಮಕ್ಕಳಿಗೆ ಇದಕ್ಕಿಂತ ಉತ್ತಮವಾದ ಪ್ರಥಮ ಪಾಠವು ಯಾವದಿದ್ದೀತು? ಗುಲಬಾಕ್ಷಿಯೂ ಹಾಗೆಯೇ ನೆಲದೊಳಗಿನ ಗಡ್ಡೆಯಿಂದ ಚಿಗುರುವದು. ಮೃಗಶಿರ, ಆರಿದ್ರೆಗಳಲ್ಲಿ ಮರಗಳನ್ನು ನೆಡಬೇಕು. ಕರ್ಣಕುಂಡಲ, ಕೋಳಿಜುಟ್ಟು, ಜಿನಿಯಾಗಳ ಬೀಜವನ್ನು ಉದುರಿಸಬೇಕು. ಇವು ಮಳೆಯ ಹೂವುಗಳು, ಕೊಡದ ಹೂವುಗಳಲ್ಲ. ಜುಲೈದಲ್ಲಿ ನಮ್ಮ ಕಡೆ ಮಳೆಯು ಕೈಕೊಡುವದು ಸಾಮಾನ್ಯ. ಆಗ ಹದಿನೈದು ದಿವಸ ಎಳೆಯ ಸಸಿಗಳನ್ನು ಕಾಯಬೇಕಾಗುವದು. ಚೆಂಡುಹೂವನ್ನು ಜುಲೈ ಕೊನೆಗೆ ಬಿತ್ತಿದರೆ ದಸರೆಗೆ ಕೈಗೆ ಬರುವದು.

ಉತ್ತರೆ, ಹಸ್ತ ನಕ್ಷತ್ರಗಳು ನಮ್ಮ ಭಾಗದ ನಿಜವಾದ ಮಳೆಗಾಲ. ಸೆಪ್ಟೆಂಬರದಲ್ಲಿ ಎರೆಯ ಭೂಮಿಯು ನೀರು ಕುಡಿದು ಉಬ್ಬಿ ನಿಲ್ಲುವದು. ಇಲ್ಲಿಯೇ ಅನೇಕರ ಗಿಡಗಳು ಸಾಯುವವು. ಬಿಸಿಲಿನಿಂದಲ್ಲ, ಬೇರು ಕೊಳೆತು. ದೇವಕಣಗಿಲೆ, ಮಲ್ಲಿಗೆಗಳನ್ನು ಎರೆಯಲ್ಲಿ ತಗ್ಗಿನ ಪಾತಿಯೊಳಗೆ ನೆಡದೆ, ಒಂದು ಮೊಳ ಎತ್ತರದ ದಿಬ್ಬದ ಮೇಲೆ ಮಸಾರಿ ಮಣ್ಣನ್ನೂ ಗೊಬ್ಬರವನ್ನೂ ಬೆರೆಸಿ ನೆಡುವದು ಕ್ಷೇಮ. ಮಳೆ ಹಿಂಜರಿಯುತ್ತಲೇ, ನೆಲದಲ್ಲಿ ಇನ್ನೂ ಹಸಿಯಿರುವಾಗ, ಎಲ್ಲಾ ಗಿಡಗಳ ಬುಡಕ್ಕೆ ನಾಲ್ಕು ಬೆರಳು ದಪ್ಪ ಹೊದಿಕೆಯನ್ನು ಹಾಸಬೇಕು. ಶೇಂಗಾದ ಸಿಪ್ಪೆ, ಜೋಳದ ಕಣಿಕೆಯ ತುಂಡು, ಉದುರಿದ ಬೇವಿನೆಲೆ, ಯಾವದಾದರೂ ಆದೀತು. ಕಾಂಡಕ್ಕೆ ಮಾತ್ರ ತಗಲದಂತೆ ಬಿಡಬೇಕು, ಇಲ್ಲವಾದರೆ ಗೆದ್ದಲು ಏರುವದು. ಈ ಒಂದು ಕೆಲಸವನ್ನು ಸಕಾಲದಲ್ಲಿ ಮಾಡಿದ ತೋಟಕ್ಕೂ ಮಾಡದ ತೋಟಕ್ಕೂ ಏಪ್ರಿಲ್ ತಿಂಗಳಲ್ಲಿ ಅಜಗಜಾಂತರವು ಕಾಣುವದು. ಕಸವೆಂದು ಎಲೆಗಳನ್ನು ಗುಡಿಸಿ ಬೆಂಕಿಯಿಡುವವರು ತಮ್ಮ ತೋಟದ ಕಂಬಳಿಯನ್ನು ತಾವೇ ಸುಡುವವರು.

ಚಳಿಗಾಲದ ವಿಷಯವಾಗಿ ಹೆಚ್ಚು ಹೇಳಬೇಕಾದದ್ದಿಲ್ಲ, ಎಲ್ಲರೂ ಬಲ್ಲರು. ಇರುಳು ದೀರ್ಘವಾಗುತ್ತಲೇ ಸೇವಂತಿಗೆಯು ತಾನಾಗಿ ಮೊಗ್ಗೊಡೆಯುವದು. ಅಕ್ಟೋಬರದಲ್ಲಿ ಸವರಿದ ಗುಲಾಬಿಯು ಡಿಸೆಂಬರಕ್ಕೆ ತುಂಬಿ ಬರುವದು. ಸಮ್ಮೇಳನಕ್ಕೆ ಹತ್ತಿಪ್ಪತ್ತು ಕುಂಡಗಳಿರಲಿ, ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಹಬ್ಬದ ದಿನ ಹೊಸ ಬಟ್ಟೆ ಉಡುವದು ತಪ್ಪೇ? ಆದರೆ ಈ ಕಾಲದ ಮುಖ್ಯ ಕೆಲಸವು ಮಲ್ಲಿಗೆಯ ಬಳಿಯಲ್ಲಿದೆ. ನವೆಂಬರದಿಂದ ಅದಕ್ಕೆ ನೀರನ್ನು ಕಡಿಮೆಮಾಡಿ, ಡಿಸೆಂಬರದ ಕೊನೆಗೆ ಮಂಡಿಯೆತ್ತರಕ್ಕೆ ಸವರಿ, ಬುಡವನ್ನು ಸಡಿಲಿಸಿ ಗೊಬ್ಬರ ಕೊಟ್ಟು ಮತ್ತೆ ನೀರು ತೋರಿಸಿದರೆ ಮಾರ್ಚ್‌ದಿಂದ ಹೂವು ಹಿಡಿಯುವದು. ಸಮ್ಮೇಳನದ ಗದ್ದಲದಲ್ಲಿ ಈ ಕೆಲಸವು ತಪ್ಪಿಹೋಗುವದರಿಂದಲೇ ಎಷ್ಟೋ ತೋಟಗಳಲ್ಲಿ ಬೇಸಗೆಯ ಮಲ್ಲಿಗೆಯು ಬರಿಯ ಎಲೆಯಾಗಿ ಉಳಿಯುವದು.

ಬೇಸಗೆಯ ತೋಟದಲ್ಲಿ ಹೂವಿಗಿಂತ ಮೊದಲು ನೆರಳು. ಅಪರಾಹ್ನದ ಬಿಸಿಲು ಪಶ್ಚಿಮದಿಂದ ಹೊಡೆಯುವ ಕಾರಣ ತರಗತಿಗಳ ಪಶ್ಚಿಮಕ್ಕೂ ನೈಋತ್ಯಕ್ಕೂ ಬೇವು ಹೊಂಗೆಗಳು ಬೇಕು. ಗೋಡೆಯಿಂದ ಹದಿನೈದು ಇಪ್ಪತ್ತು ಅಡಿ ದೂರವಿಟ್ಟರೆ ಬೇರಿನ ಭಯವೂ ಇರಲಾರದು. ಗುಲ್‌ಮೊಹರವನ್ನು ಎಲ್ಲರೂ ಮೆಚ್ಚುವರು, ಅದರ ಕೆಂಪಿಗೆ ಎಣೆಯಿಲ್ಲ. ಆದರೆ ಆ ಮಡಗಾಸ್ಕರದ ಮರವು ನಮಗೆ ನೆರಳು ಅತ್ಯಂತ ಬೇಕಾದಾಗಲೇ ಎಲೆಯುದುರಿಸಿ ನಿಲ್ಲುವದು, ಗಾಳಿಗೆ ಕೊಂಬೆಯನ್ನೂ ಚೆಲ್ಲುವದು. ಅದು ಆಟದ ಬಯಲಿನ ಅಂಚಿನಲ್ಲಿರಲಿ. ಬೋಗನ್‌ವಿಲ್ಲಾ ಬಳ್ಳಿಯಂತೂ ನೀರು ಕಡಿಮೆಯಾದಷ್ಟೂ ಹೆಚ್ಚು ಅರಳುವ ಸ್ವಭಾವದ್ದು. ಅದಕ್ಕೆ ದಿನಾಲು ನೀರು ಹಾಕಿ, ಹೂವಿಲ್ಲವೆಂದು ದೂರುವವರನ್ನು ನಾವು ಕಂಡಿದ್ದೇವೆ. ಕಣಗಿಲೆಯು ನಮ್ಮ ಬಿಸಿಲಿಗೆ ಹೇಳಿಸಿದ ಗಿಡವೇ ಸರಿ. ಆದರೂ ಕೆಂಪು ಕಣಗಿಲೆ, ಹಳದಿ ಕಣಗಿಲೆಗಳೆರಡರಲ್ಲಿಯೂ ಬೇರಿನಿಂದ ಬೀಜದವರೆಗೆ ವಿಷವಿರುವದರಿಂದ ಚಿಕ್ಕ ಮಕ್ಕಳು ಆಡುವಲ್ಲಿ ಅವನ್ನು ನೆಡದಿರುವದು ಒಳ್ಳೆಯದು.

ಮರಗಳಿಂದ ಕಸ ಬೀಳುವದು, ಹಾವು ಸೇರುವವು ಎಂದು ಹೇಳಿ ಅಂಗಳಕ್ಕೆಲ್ಲ ಸಿಮೆಂಟಿನ ಬಿಲ್ಲೆಗಳನ್ನು ಹಾಸುವ ಹೊಸ ರೂಢಿಯೊಂದು ಹಬ್ಬುತ್ತಿದೆ. ಹುಲ್ಲುಹಾಸು ನೀರನ್ನು ಕುಡಿದರೆ ಈ ಹಾಸು ಬಿದ್ದ ಮಳೆಯನ್ನು ನೆಲಕ್ಕೆ ಸರಿಯಾಗಿ ಇಳಿಯಗೊಡದೆ ಗಟಾರಕ್ಕೆ ಕಳಿಸುವದು; ಹಗಲೆಲ್ಲ ಕಾದು ಸಂಜೆಯವರೆಗೂ ಬಿಸಿಯನ್ನು ಉಗುಳುವದು. ಬರಿಗಾಲಿನಲ್ಲಿ ಅದರ ಮೇಲೆ ಮಧ್ಯಾಹ್ನ ನಡೆದು ನೋಡಿದವರು ಅದನ್ನು ಅಂಗಳವೆಂದು ಕರೆಯಲಾರರು. ಕಸವು ಗಿಡಗಳ ಹೊದಿಕೆಯಾಗಲಿ; ಹಾವಿನ ಭಯಕ್ಕೆ ಗೋಡೆಯ ಬುಡವನ್ನೂ ಹಾದಿಯನ್ನೂ ಬರಿದಾಗಿಟ್ಟರೆ ಸಾಕು.

ಉಳಿದದ್ದು ಒಂದೇ ಕಠಿಣವಾದ ಪ್ರಶ್ನೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಶಾಲೆಗೆ ರಜೆ; ಗಿಡಗಳಿಗೆ ನೀರು ಅತ್ಯಂತ ಬೇಕಾದಾಗ ಎರೆಯುವ ಕೈಗಳು ಊರಲ್ಲಿರುವದಿಲ್ಲ. ಬೇಸಗೆಯ ತೋಟವು ಶಾಲೆಗೆ ಸಲ್ಲದೆಂದು ಹೇಳುವವರ ಬಲವಾದ ವಾದವು ಇದೇ. ಇದಕ್ಕೆ ನಮ್ಮ ಉತ್ತರವು ಹೀಗಿದೆ. ಬೇವು, ಹೊಂಗೆ, ಕಕ್ಕೆಗಳಿಗೆ ಕಷ್ಟವು ಮೊದಲಿನ ಎರಡು ಮೂರು ಬೇಸಗೆ ಮಾತ್ರ. ಬೇರು ಆಳಕ್ಕೆ ಇಳಿದ ಮೇಲೆ ಅವು ನಮ್ಮನ್ನು ಕೇಳುವದಿಲ್ಲ. ಆ ಎರಡು ಮೂರು ಬೇಸಗೆಗೆ ಪ್ರತಿಯೊಂದು ಗಿಡದ ಬದಿಗೆ ಒಂದು ಸಾದಾ ಮಣ್ಣಿನ ಗಡಿಗೆಯನ್ನು ಕಂಠದವರೆಗೆ ಹೂಳಿ, ನೀರು ತುಂಬಿ ಬಾಯಿ ಮುಚ್ಚಿಟ್ಟರೆ, ಗಡಿಗೆಯು ಬೆವರಿದಂತೆ ನೀರು ಮೆಲ್ಲಮೆಲ್ಲನೆ ಬೇರಿಗೆ ಸೇರುವದು; ಗಾಳಿಗೆ ಹೋಗುವದು ಸ್ವಲ್ಪ. ವಾರಕ್ಕೊಮ್ಮೆ ಒಬ್ಬರು ಬಂದು ತುಂಬಿ ಹೋದರೆ ಸಾಕು. ಆ ನೀರಾದರೂ ಎಲ್ಲಿಂದ? ಶಾಲೆಯ ಮಾಳಿಗೆಯಿಂದ. ೨೦೦ ಚದರ ಮೀಟರಿನ ಮಾಳಿಗೆಯ ಮೇಲೆ ೬೦೦ ಮಿಲಿಮೀಟರು ಮಳೆ ಬಿದ್ದರೆ ಅದು ೧,೨೦,೦೦೦ ಲೀಟರು. ಐದರಲ್ಲೊಂದು ಪಾಲು ಸೋರಿಹೋದರೂ ೯೬,೦೦೦ ಉಳಿಯುವದು. ಅದನ್ನೆಲ್ಲ ಕೂಡಿಡಲು ಆಗದಿದ್ದರೂ ೨೦,೦೦೦ ಲೀಟರಿನ ಒಂದು ಮುಚ್ಚಿದ ತೊಟ್ಟಿಯು ಮೇಲೆ ಹೇಳಿದ ನಾಲ್ವತ್ತು ಗಿಡಗಳನ್ನು ಒಂದು ಬೇಸಗೆಯಿಂದ ದಾಟಿಸುವದು. ಕೊಳವೆಬಾವಿಯ ಉಪ್ಪುನೀರಿನಿಂದ ಎಲೆಯ ಅಂಚು ಸುಡುವಂಥ ತೊಂದರೆಯೂ ಮಳೆಯ ನೀರಿನಲ್ಲಿಲ್ಲ.

ವಾರಕ್ಕೊಮ್ಮೆ ಬಂದು ಗಡಿಗೆ ತುಂಬುವ ಆ ಒಬ್ಬರು ಯಾರೆಂಬದನ್ನು ನಾವು ಪೂರ್ವ ವಿದ್ಯಾರ್ಥಿನಿಯರಿಗೆ ಬಿಡುವೆವು. ಊರಿನಲ್ಲಿಯೇ ನೆಲೆಸಿರುವವರು ಹತ್ತು ಮಂದಿ ಕೂಡಿದರೆ ಒಬ್ಬೊಬ್ಬರ ಸರದಿಯು ರಜೆಯಲ್ಲಿ ಒಂದೇ ಸಲ ಬರುವದು. ಪರಊರಿನಲ್ಲಿರುವವರು ತೊಟ್ಟಿಯ ವೆಚ್ಚಕ್ಕೆ ಕೈಗೂಡಿಸಬಹುದು. ಗುಂಡಿಗಳನ್ನು ಏಪ್ರಿಲ್‌ದಲ್ಲಿಯೇ ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳಕ್ಕೆ ತೋಡಿಸಿ ಬಿಸಿಲಿಗೆ ಬಿಡಬೇಕು. ರೋಹಿಣಿಯ ಮೊದಲ ಮಳೆ ಬಿದ್ದ ಮೇಲೆ ಮಣ್ಣನ್ನೂ ಕೊಳೆತ ಗೊಬ್ಬರವನ್ನೂ ತುಂಬಿ, ಮೃಗಶಿರದಲ್ಲಿ ನೆಡಬೇಕು. ಮಲ್ಲಿಗೆಯ ಕಡ್ಡಿಯೂ ಆಗಲೇ ಬೇರು ಹಿಡಿಯುವದು. ತಮ್ಮ ಹಿತ್ತಲಿನಲ್ಲಿ ಒಳ್ಳೆಯ ಮಲ್ಲಿಗೆಯಿರುವವರು ಜೂನದಲ್ಲಿ ಮಗಳನ್ನು ಶಾಲೆಗೆ ಬಿಡಲು ಬರುವಾಗ ಗೇಣುದ್ದದ ನಾಲ್ಕು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರಲಿ.